ಬಿರಡೆಯಿಲ್ಲದ ತಂಬೂರಿ

ಸಂಗೀತ ಕಚೇರಿಗಳಲ್ಲಿ ಗಾಯಕರ ಬೆನ್ನಿಗೆ ತಂಬೂರಿ ಹಿಡಿದು ಕೂರುತ್ತಿದ್ದವರ ಜಾಗ ಈಗ ಎಷ್ಟೋ ಕಡೆ ಖಾಲಿ. ಅಲ್ಲಿ ಮೈಕಿನ ಪಕ್ಕ ಮಲಗಿಸಿದ ಮೊಬೈಲೊಂದು ಪ-ಸ-ಸ-ಸ ಎನ್ನುತ್ತಿರುತ್ತದೆ. ಮೊಬೈಲ್ ತಂಬೂರಿಯನ್ನು ನಾನು ಬೈಯಲಾರೆ. ಬೆಳಗಿನ ಸಾಧನೆಗೆ ನಾನೂ ಅದನ್ನೇ ಹಾಕಿಕೊಳ್ಳುತ್ತೇನೆ. ಅದನ್ನೇ ತಂಬೂರಿ ಎಂದು ನಮ್ಮ ಕಿವಿ ಒಪ್ಪಿಕೊಂಡುಬಿಟ್ಟಿದೆಯಲ್ಲ, ನನ್ನ ಆತಂಕ ಅದು.

ಮರದ ತಂಬೂರಿಯನ್ನು ಮೊದಲು ಮೂಲೆಗೆ ಸರಿಸಿದ್ದು ಕಂಪ್ಯೂಟರಲ್ಲ, ತಿದಿಯೊತ್ತುವ ಶ್ರುತಿಪೆಟ್ಟಿಗೆ. ಆಮೇಲೆ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಮುಂದೆ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ಚಿಪ್ಪಿನಲ್ಲಿಟ್ಟರು. ಈಗ ಅದು ಫೋನಿನೊಳಗಿದೆ. ತಂಬೂರಿ ಕೊಳ್ಳಲಾಗದ, ಇಡಲು ಜಾಗವೂ ಇಲ್ಲದ ಬಾಡಿಗೆ ಕೋಣೆಯ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರ. ಶ್ರುತಿಯಿಲ್ಲದೆ ಹಾಡಿ ಕಲಿಯುತ್ತಿದ್ದ ಸಾವಿರಾರು ಮಕ್ಕಳಿಗೆ ಶ್ರುತಿ ಸಿಕ್ಕಿತು. ಇದನ್ನು ಮರೆತು ಮಾತಾಡುವುದು ಅನ್ಯಾಯ.

ಆದರೆ ತಂಬೂರಿಯ ನಾದ ಬರೀ ನಾಲ್ಕು ಸ್ವರಗಳ ಸರದಿಯಲ್ಲ. ಅಗಲವಾದ, ಮೆಲ್ಲನೆ ಇಳಿಜಾರಾದ ಕುದುರೆಯ ಮೇಲೆ ತಂತಿಯಡಿ ಒಂದೆಳೆ ನೂಲು ಸೇರಿಸುತ್ತಾರೆ. ನೂಲನ್ನು ಅತ್ತಿತ್ತ ಸರಿಸುತ್ತ ಹೋದರೆ ಒಂದು ಕಡೆ ತಂತಿ ಇದ್ದಕ್ಕಿದ್ದಂತೆ ಝೇಂಕರಿಸುತ್ತದೆ. ಜೀವಾ, ಜೀವಾಳಿ ಎನ್ನುವುದು ಇದನ್ನೇ. ಕಲ್ಕತ್ತದಲ್ಲಿದ್ದಾಗ ಸಿ. ವಿ. ರಾಮನ್ 1921ರಲ್ಲಿ ಈ ಕುದುರೆಯ ಬಗ್ಗೆ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲೇಬಾರದೆಂದು ಭೌತಶಾಸ್ತ್ರ ಹೇಳುತ್ತಿತ್ತೋ, ತಂಬೂರಿಯಲ್ಲಿ ಅಲ್ಲಿ ಮೀಟಿದರೂ ಅವು ಗಟ್ಟಿಯಾಗಿ ಕೇಳುತ್ತವೆ ಎಂದು ತೋರಿಸಿದರು. ಮಂದ್ರದ ಹಿತ್ತಾಳೆ ತಂತಿಯಿಂದ, ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಏಳುವುದು ಹೀಗೆ. ಈ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. 100 ಸೆಂಟ್ ಸೇರಿದರೆ ಅರ್ಧ ಸ್ವರ. ವ್ಯತ್ಯಾಸ ಸಣ್ಣದು, ಆದರೆ ಗಾಯಕರ ಗಂಟಲು ಬಂದು ನಿಲ್ಲಬೇಕಾದದ್ದು ಅಲ್ಲಿಯೇ.

ಒಳ್ಳೆಯ ಮುದ್ರಣದಲ್ಲಿ ಆ ಗಾಂಧಾರ ಉಳಿಯುತ್ತದೆ, ನಿಜ. ಕಷ್ಟ ಶುರುವಾಗುವುದು ಅದನ್ನು ಹಿಗ್ಗಿಸಿ ಕುಗ್ಗಿಸುವಾಗ. ಒಂದೂವರೆ ಮನೆ ಶ್ರುತಿಯ ತಂಬೂರಿಯ ಮುದ್ರಣವನ್ನು ಐದೂವರೆ ಮನೆಗೆ ಹಾಗೆಯೇ ಏರಿಸಿದರೆ ತಂತಿಯ ಜೊತೆ ಬುರುಡೆಯ ಅನುರಣನವೂ ಮೇಲೇರಿ, ಆಟಿಕೆಯ ತಂಬೂರಿ ಕೇಳಿದಂತಾಗುತ್ತದೆ. ಒಂದೂವರೆ ಮನೆಯ ಮಂದ್ರ ಷಡ್ಜ ಸುಮಾರು 69 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರಿನಿಂದ ಅದು ಹೊರಡುವುದೇ ಇಲ್ಲ. ಉಪಸ್ವರಗಳನ್ನು ಕೇಳಿ ನಮ್ಮ ಕಿವಿಯೇ ಷಡ್ಜವನ್ನು ಊಹಿಸಿಕೊಳ್ಳುತ್ತದೆ. ಇಷ್ಟರ ಮೇಲೆ ಸುತ್ತಿ ಸುತ್ತಿ ಬರುವ ಅದೇ ಮೀಟು. ಮರದ ತಂಬೂರಿಯಲ್ಲಿ ಒಂದು ಮೀಟು ಇನ್ನೊಂದರಂತಿರುವುದಿಲ್ಲ. ಗಾಯಕಿ ತಾರಸ್ಥಾಯಿಗೆ ಏರಿದಾಗ ಹಿಂದೆ ಕೂತ ಶಿಷ್ಯೆಯ ಬೆರಳು ತನಗರಿವಿಲ್ಲದೆ ಹಗುರಾಗುತ್ತದೆ. ಯಂತ್ರ ಹಾಡನ್ನು ಕೇಳಿಸಿಕೊಳ್ಳುತ್ತಿಲ್ಲ.

ಇದೆಲ್ಲ ತಾಂತ್ರಿಕ ಕೊರತೆ, ನಾಳೆ ಸರಿಹೋದೀತು. ತಂತಿಯ ಚಲನೆಯನ್ನೇ ಗಣಿತದಿಂದ ಕಟ್ಟುವ ಪ್ರಯತ್ನಗಳು ನಡೆದಿವೆ. ನನಗೆ ಹೆಚ್ಚು ನೋವಾಗುವುದು ಶ್ರುತಿ ಸೇರಿಸುವ ಕೆಲಸ ಕೈತಪ್ಪಿದ್ದಕ್ಕೆ. ನಮ್ಮ ಸಂಗೀತದ ಮೇಷ್ಟ್ರು ಪಾಠಕ್ಕೆ ಮೊದಲು ತಂಬೂರಿಯನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಬಿರಡೆ ತಿರುಗಿಸಿ, ಮಣಿ ಸರಿಸಿ, ನಡುವಿನ ಎರಡು ತಂತಿಗಳಾದ ಸಾರಣೆಗೂ ಅನುಸಾರಣೆಗೂ ನಡುವೆ ಏಳುವ ಅಲೆ ನಿಧಾನವಾಗುತ್ತ ಆಗುತ್ತ ಮಾಯವಾಗುವವರೆಗೆ ನಾನು ಕಾಯಬೇಕು. ಅಡುಗೆಮನೆಯಿಂದಲೇ "ಇನ್ನೂ ಸೇರಿಲ್ಲ ಕಣೋ" ಎಂಬ ಕೂಗು. ಕೆಲವು ದಿನ ಪಾಠವೇ ಆಗುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಕಲಿತಷ್ಟು ಯಾವ ವರ್ಣವೂ ಕಲಿಸಲಿಲ್ಲ. ಬಟನ್ ಒತ್ತಿ ಬರುವ ಶ್ರುತಿ ಮೊದಲೇ ಸೇರಿಕೊಂಡಿರುತ್ತದೆ. ಸೇರದ ಶ್ರುತಿ ಹೇಗಿರುತ್ತದೆಂದು ಅರಿಯದ ಮಗು ಸೇರಿದ್ದನ್ನು ಗುರುತಿಸುವುದಾದರೂ ಹೇಗೆ?

ಹೀಗೆಂದು ಬೇಸುರಾದ ಮರದ ತಂಬೂರಿಯನ್ನು ಅಲಂಕಾರಕ್ಕೆ ವೇದಿಕೆಯ ಮೇಲೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕಿಂತ ಮೊಬೈಲೇ ಮೇಲು. ಕೆಲವು ಆ್ಯಪ್‌ಗಳಲ್ಲಿ ತಂತಿಗಳನ್ನು ಬೇರೆಬೇರೆಯಾಗಿ ಏರಿಳಿಸುವ ಅನುಕೂಲವಿದೆ. ಕಂಪ್ಯೂಟರು ಸಂಗೀತಕ್ಕೆ ಕೊಟ್ಟದ್ದರಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅದು, ನಮ್ಮಲ್ಲಿ ಮುಟ್ಟುವವರೇ ಕಡಿಮೆ. ಮನೆಗೆ ಕಲಿಯಲು ಬರುವ ಹುಡುಗಿಗೆ ನಾಲ್ಕೂ ತಂತಿ ಕೆಡಿಸಿ ಫೋನು ಕೊಟ್ಟೆ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತಳು. "ಸೇರಿತು ಸರ್" ಎಂದಳು. ಅನುಸಾರಣೆ ಇನ್ನೂ ಕೂದಲೆಳೆಯಷ್ಟು ಕೆಳಗಿತ್ತು. ನಾನು ಹೇಳಲಿಲ್ಲ. ಒಂದು ಕ್ಷಣ ಬಿಟ್ಟು ಅವಳೇ ಹುಬ್ಬು ಗಂಟಿಕ್ಕಿ ಮತ್ತೆ ಬೆರಳು ಚಾಚಿದಳು.