ಕಬ್ಬಿನ ಗದ್ದೆಗೆ ಇಳಿಯದ ನಾಯಕರು

ಎಂಬತ್ತರ ದಶಕದ ಮಾತು. ಮಳವಳ್ಳಿಯಲ್ಲಿ ನಾನು ಹೈಸ್ಕೂಲು ಓದುತ್ತಿದ್ದಾಗ ಪುಸ್ತಕ ಬಾಡಿಗೆಗೆ ಕೊಡುವ ಒಂದು ಪುಟ್ಟ ಅಂಗಡಿ ಇತ್ತು. ದಿನಕ್ಕೆ ನಾಲ್ಕಾಣೆ. ಸಂಜೆ ತಂದ ಕಾದಂಬರಿಯನ್ನು ಅಮ್ಮ ಓದಿ, ಪಕ್ಕದ ಮನೆಯ ಅಕ್ಕ ಓದಿ, ನನ್ನ ಪಾಳಿ ಬರುವಾಗ ನಡುರಾತ್ರಿ. ಬೆಳಿಗ್ಗೆ ಹಿಂತಿರುಗಿಸದಿದ್ದರೆ ಮತ್ತೆ ನಾಲ್ಕಾಣೆ. ಹಾಗೆ ಓದಿದ ನೂರಾರು ಪುಸ್ತಕಗಳ ಕಥೆ ಮರೆತಿದೆ, ನಾಯಕಿಯರ ಹೆಸರೂ ಮರೆತಿದೆ. ನಾಯಕ ಮಾತ್ರ ಇವತ್ತಿಗೂ ಕಣ್ಣೆದುರು ನಿಲ್ಲುತ್ತಾನೆ. ಅವನು ಬಹುತೇಕ ಒಬ್ಬನೇ, ಹೆಸರು ಬದಲಾಗುತ್ತಿತ್ತು ಅಷ್ಟೆ.

ಅವನು ಎತ್ತರದ ಆಳು. ಡಾಕ್ಟರಾಗಿರುತ್ತಾನೆ, ಇಲ್ಲವೇ ಕಾಲೇಜಿನ ಲೆಕ್ಚರರ್, ಇಲ್ಲವೇ ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಒಡೆಯ. ಕಾರು ಇದ್ದೇ ಇರುತ್ತದೆ. ತಾಯಿ ದೇವತೆಯಂಥವಳು, ಅಲ್ಲದಿದ್ದರೆ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡವಳು. ಒಟ್ಟಿನಲ್ಲಿ ಸೊಸೆಗೆ ಅತ್ತೆಯ ಕಾಟವಿಲ್ಲ. ಮೊದಲ ನೂರು ಪುಟ ಮುಖ ಗಂಟಿಕ್ಕಿಕೊಂಡು ಓಡಾಡುತ್ತಾನೆ. ಆ ಸಿಟ್ಟೇ ಪ್ರೀತಿ ಎಂದು ನಮಗೆ ಮೊದಲೇ ಗೊತ್ತು, ನಾಯಕಿಗೆ ಮಾತ್ರ ಕೊನೆಗೆ ತಿಳಿಯುತ್ತದೆ. ಇದನ್ನು ನಮ್ಮವರೇ ಕಂಡುಹಿಡಿದರೆಂದು ಜಂಬಪಡುವ ಹಾಗಿಲ್ಲ. 1813ರಲ್ಲಿ ಜೇನ್ ಆಸ್ಟಿನ್ ಬರೆದ ಡಾರ್ಸಿಯೂ ಇದೇ ಮುಖದವನು. ಅವನ ವರಮಾನ ವರ್ಷಕ್ಕೆ ಹತ್ತು ಸಾವಿರ ಪೌಂಡು ಎಂಬುದು ಅವನು ಬಾಯಿ ಬಿಡುವ ಮೊದಲೇ ಇಡೀ ಸಭೆಗೆ ಗೊತ್ತಾಗಿಬಿಡುತ್ತದೆ.

ಹಾಗಿದ್ದರೂ ಹಣ, ಎತ್ತರ, ಕಾರು ಇವು ನಾಯಕನ ಲಕ್ಷಣಗಳೆಂದು ನಾನು ಒಪ್ಪುವುದಿಲ್ಲ. ಅವು ಅವನ ಉಡುಪು. ಅವನ ನಿಜವಾದ ಲಕ್ಷಣವೆಂದರೆ, ಅವಳು ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ತಲೆನೋವೆಂದು ಅವನಿಗೆ ತಿಳಿಯುತ್ತದೆ. ಅಮ್ಮ ಒಲೆಯ ಮುಂದೆ ಕೂತು, ಸೌಟು ಒಂದು ಕೈಯಲ್ಲಿ, ಪುಸ್ತಕ ಇನ್ನೊಂದರಲ್ಲಿ ಹಿಡಿದು ಓದುತ್ತಿದ್ದುದು ಕಾರಿಗಾಗಿ ಅಲ್ಲ. ಅವಳು ಊಟ ಮಾಡಿದಳೇ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಇದೇ ಕಾರಣಕ್ಕೆ ಉಷಾ ನವರತ್ನರಾಂ ಅವರ 'ಬಂಧನ'ದ ಡಾಕ್ಟರ್ ಹರೀಶ ನಮ್ಮನ್ನು ಅಷ್ಟು ಅಳಿಸಿದ್ದು. 1984ರಲ್ಲಿ ಅದು ಸಿನಿಮಾ ಆಗಿ ಬಂದಾಗ ಮಂಡ್ಯದ ಟಾಕೀಸಿನಲ್ಲಿ ಹೆಂಗಸರ ಸಾಲಿಗೆ ಸಾಲೇ ಸೆರಗು ಕಣ್ಣಿಗೊತ್ತಿಕೊಂಡಿತ್ತು. ನಂದಿನಿ ಅವನನ್ನು ಗೆಳೆಯನೆಂದು ತಿಳಿದಳು, ಬಾಲುವನ್ನು ಮದುವೆಯಾದಳು. ಆ ಬಾಲು ಅನುಮಾನದವನು. ಹರೀಶ ಏನನ್ನೂ ಕೇಳದೆ, ಯಾರನ್ನೂ ದೂರದೆ ಸತ್ತ. ಈಗ ನೆನೆದರೆ ಒಂದು ಸಣ್ಣ ತಕರಾರು ಏಳುತ್ತದೆ. ಕೊರಗಿ ಸಾಯುವವನು ಒಳ್ಳೆಯವನಾಗಿ ಉಳಿಯುವುದು ಕಷ್ಟವೇನಲ್ಲ. ಸಂಸಾರ ಮಾಡಿದವನು ಬಾಲು. ಹರೀಶನೇ ಅವಳನ್ನು ಕಟ್ಟಿಕೊಂಡು ಹತ್ತು ವರ್ಷ ಬಾಳಿದ್ದರೆ ಹೇಗಿರುತ್ತಿದ್ದ? ಕಾದಂಬರಿ ಆ ಪರೀಕ್ಷೆಗೆ ಅವನನ್ನು ಕೂರಿಸುವುದೇ ಇಲ್ಲ.

ಆ ಪರೀಕ್ಷೆಗೆ ಕೂರಿಸಿದವರು ತ್ರಿವೇಣಿ. ಹುಟ್ಟಿದ್ದು 1928ರಲ್ಲಿ, ನಮ್ಮ ಮಂಡ್ಯದಲ್ಲೇ. ಬಿ.ಎಂ.ಶ್ರೀ. ಅವರ ತಮ್ಮನ ಮಗಳು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು, 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟರು. 'ಬೆಳ್ಳಿಮೋಡ'ದ ಮೋಹನನಿಗೆ ಏನು ಕಡಿಮೆ? ರೂಪವಿದೆ, ವಿದ್ಯೆಯಿದೆ, ಅಮೆರಿಕಕ್ಕೆ ಹೋಗಿ ಬಂದವನು. ಹೋಗಿದ್ದು ಭಾವೀ ಮಾವನ ದುಡ್ಡಿನಲ್ಲಿ, ಅದು ಬೇರೆ ಮಾತು. ಇಂದಿರೆಗೊಬ್ಬ ತಮ್ಮ ಹುಟ್ಟಿದ, ತೋಟ ಅವಳ ಪಾಲಿಗಿಲ್ಲ ಎಂದು ತಿಳಿದ ಕೂಡಲೇ ಪ್ರೀತಿ ಆರಿತು. ಕಾಲು ಮುರಿದುಕೊಂಡು ಬಿದ್ದಾಗ ಶುಶ್ರೂಷೆ ಮಾಡಿದವಳು ಅದೇ ಇಂದಿರೆ. ಆಗ ಮನಸ್ಸು ಮತ್ತೆ ತಿರುಗಿತು. ಬೇರೆ ಯಾರಾದರೂ ಬರೆದಿದ್ದರೆ ಅಲ್ಲಿಗೆ ಓಲಗ ಊದಿಸಿಬಿಡುತ್ತಿದ್ದರು. ಇಂದಿರೆ ಒಲ್ಲೆ ಎಂದಳು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರ ಮಾಡಿದಾಗಲೂ ಆ 'ಒಲ್ಲೆ'ಯನ್ನು ಉಳಿಸಿಕೊಂಡರು. ಹದಿನೈದನೆಯ ವಯಸ್ಸಿನಲ್ಲಿ ಓದಿದಾಗ ನನಗೆ ಇಂದಿರೆಯ ಮೇಲೆ ಸಿಟ್ಟು ಬಂದಿತ್ತು. ಪಾಪ, ಕ್ಷಮಿಸಬಾರದಿತ್ತೆ ಎಂದು. ಆ ಸಿಟ್ಟು ಇಳಿಯಲು ನನಗೆ ಮದುವೆಯಾಗಬೇಕಾಯಿತು.

'ಶರಪಂಜರ'ದ ಸತೀಶ ಇನ್ನೂ ಕಷ್ಟದವನು, ಏಕೆಂದರೆ ಮೊದಲು ಅವನು ಒಳ್ಳೆಯವನೇ. ಬಾಣಂತಿ ಹೆಂಡತಿಗೆ ಬುದ್ಧಿಭ್ರಮೆಯಾಗುತ್ತದೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳು ಬಂದಿದ್ದಾಳೆ, ಅವನು ಬಂದಿಲ್ಲ. ಕಾವೇರಿಯ ಮನಸ್ಸನ್ನು ಓದಬಲ್ಲವನೆಂದು ನಾವು ನಂಬಿದ್ದ ಗಂಡಸಿಗೆ ಓದಲೇಬೇಕಾದ ಹೊತ್ತಿನಲ್ಲಿ ಅಕ್ಷರ ಮರೆತುಹೋಗಿತ್ತು. ವಾಣಿಯವರ 'ಎರಡು ಕನಸು' ಕೂಡ ಹೀಗೆಯೇ. ಹಳೆಯ ಪ್ರೇಮವನ್ನು ಎದೆಯಲ್ಲಿಟ್ಟುಕೊಂಡು ಮನೆಯಲ್ಲಿರುವ ಹೆಂಡತಿಯನ್ನು ಕಾಯಿಸುವವನು ಅದರ ನಾಯಕ. ಸಿನಿಮಾದಲ್ಲಿ ರಾಜಕುಮಾರ್ ಇದ್ದದ್ದರಿಂದ ನಾವು ಕ್ಷಮಿಸಿದೆವು.

ಈ ಪಟ್ಟಿಯಲ್ಲಿ ಕೈ ಕೆಸರು ಮಾಡಿಕೊಂಡವನು ಯಾರಾದರೂ ಇದ್ದಾನೆಯೇ ಎಂದು ಹುಡುಕಿದ್ದೇನೆ. ಎಚ್.ಜಿ. ರಾಧಾದೇವಿಯವರ ಕಾದಂಬರಿಯಿಂದ ಬಂದ 'ಅನುರಾಗ ಅರಳಿತು' ಚಿತ್ರದಲ್ಲಿ, 1986ರದು, ನಾಯಕ ಕೆಲಸಗಾರ. ಸಂತೋಷ. ಆದರೆ ಅವನಿಗೆ ವಹಿಸಿದ ಕೆಲಸ ಶ್ರೀಮಂತ ಹೆಂಡತಿಯ ಸೊಕ್ಕು ಇಳಿಸುವುದು. ಅದು ತೆಲುಗು, ತಮಿಳು, ಹಿಂದಿಗಳಿಗೂ ಹೋಯಿತೆಂದರೆ ಆ ಕೆಲಸಕ್ಕೆ ಎಲ್ಲ ಕಡೆ ಬೇಡಿಕೆ ಇತ್ತೆಂದೇ ಅರ್ಥ. ಟಿ.ಕೆ. ರಾಮರಾವ್ ಅವರ 'ಬಂಗಾರದ ಮನುಷ್ಯ'ದ ರಾಜೀವ ಬೇಸಾಯಗಾರ ನಿಜ, ಆದರೆ ಅವನು ಅಕ್ಕನ ಮಕ್ಕಳ ನಾಯಕ. ಪ್ರೇಮದ ಪಾಲು ಅವನಿಗೆ ಸಿಕ್ಕಿದ್ದು ಸ್ವಲ್ಪವೇ. ಕುವೆಂಪು ಅವರ ಮುಕುಂದಯ್ಯನನ್ನು ನಮ್ಮ ಬಾಡಿಗೆ ಅಂಗಡಿಯಾತ ಇಟ್ಟಿರಲಿಲ್ಲ. ದಪ್ಪ ಪುಸ್ತಕ, ಒಂದೇ ರಾತ್ರಿಗೆ ಮುಗಿಯದು. ನಮ್ಮ ಜಿಲ್ಲೆಯ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿಯವರು 1942ರ 'ಮೈಸೂರು ಮಲ್ಲಿಗೆ'ಯಲ್ಲಿ ಹೆಂಡತಿಯನ್ನೇ ಪ್ರೀತಿಸುವ ಗಂಡಸನ್ನು ತೋರಿಸಿದರು. ಅಂಥವನೊಬ್ಬ ಕಾದಂಬರಿಗೆ ಬಂದು ಕಬ್ಬಿಗೆ ನೀರು ಹಾಯಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈ ಮಾತಿಗೆ ಕಾರಣವಿದೆ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಗಳು ಪಾದಯಾತ್ರೆ ಹೊರಟರು. ಹೆಚ್ಚಿನವರು ರೈತರ ಮಕ್ಕಳು, ಮೂವತ್ತು ದಾಟಿದವರು. ಹೆಣ್ಣು ಸಿಗುತ್ತಿಲ್ಲ, ಮಾದಪ್ಪನೇ ದಾರಿ ತೋರಿಸಲಿ ಎಂದು ನೂರಕ್ಕೂ ಹೆಚ್ಚು ಕಿಲೋಮೀಟರು ನಡೆದರು. ನಮ್ಮ ಸ್ಟಾಫ್ ರೂಮಿನಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಯಿತು. ನಗುವವರು ನಕ್ಕರು. ಹಿರಿಯ ಮೇಷ್ಟ್ರೊಬ್ಬರು ನನ್ನ ಕಡೆ ತಿರುಗಿ, "ಎಲ್ಲಾ ನಿಮ್ಮ ಕಾದಂಬ್ರಿಗಳ ಕೆಲ್ಸ ಕಣಮ್ಮ. ಡಾಕ್ಟ್ರು, ಇಂಜಿನಿಯರು ಅಂತ ಹೆಣ್ಮಕ್ಳ ತಲೆ ತುಂಬಿಸ್ಬುಟ್ರಿ" ಎಂದರು. ಆ ಹೊತ್ತಿಗೆ ನನಗೆ ಮಾತು ಹೊಳೆಯಲಿಲ್ಲ. ನಾಲ್ಕಾಣೆ ಕೊಟ್ಟು ಓದಿದವಳಿಗೆ ಸ್ವಲ್ಪ ಅಪರಾಧಿ ಭಾವ ಕೂಡ ಬಂತು.

ಅದೇ ವರ್ಷದ ನವೆಂಬರಿನಲ್ಲಿ ಪತ್ರಿಕೆಯೇ ಉತ್ತರ ಕೊಟ್ಟಿತು. ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ, ಬೆಲ್ಲ ಬೇಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದ ಶಿಶು ಹೆಣ್ಣೋ ಗಂಡೋ ನೋಡುತ್ತಿದ್ದರಂತೆ. ಹುಟ್ಟಲು ಬಿಡದ ಹೆಣ್ಣುಮಕ್ಕಳು ಯಾವ ಕಾದಂಬರಿ ಓದಿ ಕೆಟ್ಟರು? ಈ ಪ್ರಶ್ನೆಯನ್ನು ಮೇಷ್ಟ್ರಿಗೆ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಕಳೆದ ವರ್ಷ ಈ ವಿಚಾರ ನಮ್ಮ ಮನೆಬಾಗಿಲಿಗೇ ಬಂತು. ತಂಗಿಯ ಮಗಳು ಬಿ.ಎಡ್. ಮಾಡಿ ಮದ್ದೂರಿನಲ್ಲಿ ಪಾಠ ಹೇಳುತ್ತಾಳೆ. ಬಂದ ಸಂಬಂಧ ಮೂರೆಕರೆ ನಾಲೆ ಬಯಲಿನ ಹುಡುಗ, ಬಿ.ಕಾಂ. ಓದಿ ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು ಊರಿಗೆ ಮರಳಿದವನು. ಹುಡುಗಿ ಬೇಡವೆಂದಳು. "ಅಕ್ಕ, ನೀನಾದ್ರೂ ಬುದ್ಧಿ ಹೇಳು" ಎಂದು ತಂಗಿ ಅತ್ತಳು. ನಾನು ಕೂರಿಸಿಕೊಂಡು, ಬೇಸಾಯಗಾರ ಎಂದು ಕೀಳಾಗಿ ಕಾಣಬಾರದೆಂದು ಅರ್ಧಗಂಟೆ ಪಾಠ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ದೊಡ್ಡಮ್ಮ, ಹುಡುಗ ಚೆನ್ನಾಗೇ ಇದಾನೆ. ನಾನು ಕೇಳಿದ್ದು ಒಂದೇ. ಬೆಳಿಗ್ಗೆ ಐದಕ್ಕೆ ಹಾಲು ಕರೆದು ಡೇರಿಗೆ ಹಾಕೋರು ಯಾರು, ನಾನು ಎಂಟಕ್ಕೆ ಬಸ್ಸು ಹತ್ಬೇಕಲ್ಲ ಅಂದೆ. ಅವರಮ್ಮ ನಕ್ಕರು. ಅವನು ಅಮ್ಮನ ಮುಖ ನೋಡ್ದ."

ಇಷ್ಟೇ. ಕಾರು ಕೇಳಲಿಲ್ಲ, ಎತ್ತರ ಅಳೆಯಲಿಲ್ಲ. ಅಮ್ಮ ಒಲೆಯ ಮುಂದೆ ಓದಿಕೊಂಡು ಹುಡುಕುತ್ತಿದ್ದುದನ್ನೇ ಇವಳು ಮುಖಕ್ಕೆ ಮುಖ ಕೊಟ್ಟು ಕೇಳಿದ್ದಳು. ನನ್ನ ಪಾಠವನ್ನು ಅಲ್ಲಿಗೆ ನಿಲ್ಲಿಸಿದೆ.

ಹುಡುಗ ಆಮೇಲೆ ಒಂದು ಸಲ ಫೋನು ಮಾಡಿದ್ದನಂತೆ. ಕೊಟ್ಟಿಗೆ ಕೆಲಸ ತಾನೇ ನೋಡಿಕೊಳ್ಳುತ್ತೇನೆ, ಅಮ್ಮನಿಗೆ ಹೇಳಲು ಸ್ವಲ್ಪ ಕಾಲ ಬೇಕು ಎಂದನಂತೆ. ಎಷ್ಟು ಕಾಲ ಎಂದು ಇವಳು ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ತಂಗಿ ದಿನಾ ನನಗೆ ಫೋನು ಮಾಡಿ ವಿಚಾರಿಸುತ್ತಾಳೆ.