ಕರಡಿ ನೋಡಿ ಕರಗಿದ್ದು ಸಾಕು

ಹೋದ ಸಲ ಬಂಡೂರಿಗೆ ಹೋದಾಗ ದೊಡ್ಡಪ್ಪನ ಜತೆ ಕೂತು ಲ್ಯಾಪ್‌ಟಾಪಿನಲ್ಲಿ 'ಆ್ಯನ್ ಇನ್‌ಕನ್ವೀನಿಯೆಂಟ್ ಟ್ರುತ್' ನೋಡಿದೆ. ಹವಾಮಾನ ಬದಲಾವಣೆ ಬಗ್ಗೆ ಅಲ್ ಗೋರ್ ಕೊಡುತ್ತಿದ್ದ ಉಪನ್ಯಾಸವನ್ನು ಡೇವಿಸ್ ಗುಗೆನ್‌ಹೈಮ್ 2006ರಲ್ಲಿ ಸಿನಿಮಾ ಮಾಡಿದರು. ಮರುವರ್ಷ ಆಸ್ಕರ್ ಬಂತು. ಅಲ್ಲಲ್ಲಿ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ನಡುವೆ ಒಂದು ಹಿಮಕರಡಿ ಬರುತ್ತೆ, ಅನಿಮೇಷನ್ ಕರಡಿ. ಈಜಿ ಸುಸ್ತಾಗಿ ಮಂಜುಗಡ್ಡೆ ಹತ್ತೋಕೆ ಹೋದರೆ ಗಡ್ಡೆಯೇ ಒಡೆದುಹೋಗುತ್ತೆ. ನನಗೆ ಗಂಟಲು ಕಟ್ಟಿತು. ದೊಡ್ಡಪ್ಪ ಮಾತ್ರ, "ಪಾಪ, ಅದ್ರ ಪಾಡು ಅದ್ಕೆ. ನಮ್ ಉತ್ತರೆ ಮಳೆ ಏನಾಯ್ತದೆ ಅಂತ ಇದ್ರಲ್ಲಿ ಐತೇನ್ಲಾ?" ಅಂದರು.

ಇರಲಿಲ್ಲ. 2005ರ ಮುಂಬೈ ಮಳೆ ಬಂದು ಹೋಗುತ್ತೆ, ಅಷ್ಟೆ.

ಸಿನಿಮಾವನ್ನು ಸುಮ್ಮನೆ ಬೈಯೋದು ಅನ್ಯಾಯ. ಬಿಳಿ ಮಂಜು ಬಿಸಿಲನ್ನು ವಾಪಸ್ ಕಳಿಸುತ್ತೆ, ಅದು ಕರಗಿದ ಮೇಲೆ ಉಳಿಯೋ ಕಪ್ಪು ಸಮುದ್ರ ಬಿಸಿಲು ಕುಡಿದು ಇನ್ನಷ್ಟು ಕಾಯುತ್ತೆ ಅನ್ನೋದನ್ನು ಚೆನ್ನಾಗಿ ವಿವರಿಸುತ್ತೆ. ಆದರೆ ನೋಡಿದವರಿಗೆ ನೆನಪಿರೋದು ಕರಡಿ. ಅಲ್ಲೇ ಎಡವಟ್ಟೂ ಆಗಿದ್ದು. ಮಂಜು ಹುಡುಕಿ ಈಜಿ ಈಜಿ ಕರಡಿಗಳು ಮುಳುಗಿ ಸತ್ತವು ಅನ್ನೋ ಮಾತಿಗೆ ಇದ್ದ ಆಧಾರ ಬಿರುಗಾಳಿಗೆ ಸಿಕ್ಕಿ ಸತ್ತ ನಾಲ್ಕು ಕರಡಿ ಅಂತ 2007ರಲ್ಲಿ ಲಂಡನ್ನಿನ ಹೈಕೋರ್ಟ್ ಹೇಳಿತು. ಸಿನಿಮಾದ ಮುಖ್ಯ ವಾದ ಸರಿಯಾಗಿಯೇ ಇದೆ ಅಂತಲೂ ಅದೇ ತೀರ್ಪು ಹೇಳಿತ್ತು. ಆದರೆ ನಂಬದವರಿಗೆ ಆಡಿಕೊಳ್ಳೋಕೆ ಆ ನಾಲ್ಕು ಕರಡಿ ಸಾಕಾಯಿತು.

ನಾವೂ ಕಮ್ಮಿಯಿಲ್ಲ. ಆರ್ಕ್‌ಟಿಕ್ ಸಮುದ್ರದ ಮಂಜು ಕರಗಿ ಊರು ಮುಳುಗುತ್ತೆ ಅಂತ ಫಾರ್ವರ್ಡ್ ಮಾಡ್ತೀವಿ. ಮದ್ದೂರಲ್ಲಿ ಕಬ್ಬಿನ ಹಾಲು ಕುಡಿದಿದ್ದೀರಲ್ಲ, ಲೋಟದಲ್ಲಿ ತೇಲೋ ಐಸ್ ಕರಗಿದರೆ ಹಾಲು ಚೆಲ್ಲುತ್ತಾ? ಸಮುದ್ರ ಏರೋದು ಗ್ರೀನ್‌ಲ್ಯಾಂಡಿನಂಥ ಕಡೆ ನೆಲದ ಮೇಲಿರೋ ಮಂಜು ಕರಗಿದಾಗ, ಮತ್ತೆ ನೀರು ಕಾದು ಹಿಗ್ಗಿದಾಗ. ಪರ್ಮಾಫ್ರಾಸ್ಟ್ ಕತೆಯೂ ಇಷ್ಟೆ. ವರ್ಷಗಟ್ಟಲೆ ಹೆಪ್ಪುಗಟ್ಟಿರೋ ಆ ನೆಲದಲ್ಲಿ ಈಗ ಗಾಳಿಯಲ್ಲಿ ಇರೋದರ ಸುಮಾರು ಎರಡರಷ್ಟು ಇಂಗಾಲ ಇದೆ. ನಾವದನ್ನು 'ಮೀಥೇನ್ ಬಾಂಬ್' ಅಂತೀವಿ. ಅದು ಒಂದೇ ಸಲ ಸಿಡಿಯೋದಕ್ಕಿಂತ ದಶಕಗಟ್ಟಲೆ ನಿಧಾನವಾಗಿ ಸೋರೋ ಸಾಧ್ಯತೆಯೇ ಹೆಚ್ಚು ಅನ್ನೋದು ಬಹುಪಾಲು ವಿಜ್ಞಾನಿಗಳ ಲೆಕ್ಕ. ಸೋರಿಕೆಗೆ ಲೈಕ್ ಬೀಳಲ್ಲ, ನೋಡಿ.

ದೊಡ್ಡಪ್ಪನ ಪ್ರಶ್ನೆಗೆ ಹತ್ತಿರದ ಉತ್ತರ ಇರೋದು ಬೇರೆ ಕಡೆ. ಭಾರತಕ್ಕೆ ಆರ್ಕ್‌ಟಿಕ್‌ನಲ್ಲಿ 2008ರಿಂದ 'ಹಿಮಾದ್ರಿ' ಅನ್ನೋ ಕೇಂದ್ರ ಇದೆ. 2014ರಲ್ಲಿ ಅಲ್ಲಿನ ಕೊಂಗ್ಸ್‌ಫ್ಯೋರ್ಡನ್‌ನಲ್ಲಿ 'ಇಂಡ್‌ಆರ್ಕ್' ಅನ್ನೋ ಉಪಕರಣವನ್ನು ನೀರೊಳಗೆ ಇಳಿಸಿದರು. ಇವನ್ನು ನಡೆಸೋ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ನಾರ್ವೆಯವರ ಜತೆ ಸೇರಿ, 2021ರಲ್ಲಿ ಒಂದು ಪ್ರಬಂಧ ಬರೆದರು: ಬೇಸಿಗೆಯಲ್ಲಿ ಕಾರಾ ಸಮುದ್ರದ ಮಂಜು ಕಮ್ಮಿಯಾದರೆ ಮೇಲಿನ ಗಾಳಿಯ ದಾರಿ ಬದಲಾಗಿ, ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿ ವಿಪರೀತ ಮಳೆಗೆ ಕಾರಣ ಆಗಬಹುದು ಅಂತ. ಸೆಪ್ಟೆಂಬರ್ ಅಂದರೆ ಉತ್ತರೆ!

ನಾನು ಖುಷಿಯಿಂದ ಹೇಳಿದೆ. ಆದರೆ ಅದೇ ಪ್ರಬಂಧ 'ಸಂಭಾವ್ಯ ನಂಟು' ಅಂತ ಮಾತ್ರ ಹೇಳುತ್ತೆ, ಅದೂ ಮಧ್ಯ ಭಾರತದ ಬಗ್ಗೆ. ಮಂಡ್ಯದ ಹೆಸರಿಲ್ಲ. ಅದನ್ನೂ ಹೇಳಬೇಕಾಯಿತು, ದೊಡ್ಡಪ್ಪ ಬೇಜಾರಾಗ್ತಾರೆ ಅನ್ಕೊಂಡೇ. ಅವರು ನಕ್ಕರು. "ಬರಬೈದು, ಬರದೆ ಇರಬೈದು. ಮಳೆ ಅಂದ್ರೆ ಅಷ್ಟೇ ಕಣ್ಲಾ. ಅಷ್ಟು ಹೇಳೋರ್ನ ನಂಬಬೈದು."

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಂಥ ವರ್ಷ ಕುರಿ ಉಳಿಸಿಕೊಳ್ಳೋದಾ ಮಾರೋದಾ ಅಂತ ಲೆಕ್ಕ ಹಾಕೋರ ಮುಂದೆ ಉತ್ಪ್ರೇಕ್ಷೆ ಮಾಡೋಕಾಗಲ್ಲ. ಒಮ್ಮೆ ಸುಳ್ಳಾದರೆ ಮುಂದಿನ ನಿಜವನ್ನೂ ಅವರು ಕೇಳಲ್ಲ. 2006ರ ಸಿನಿಮಾಕ್ಕೆ ಈ ಸಂಶೋಧನೆ ಸಿಕ್ಕಿರಲಿಲ್ಲ, ಕ್ಷಮಿಸೋಣ. ನಮಗೆ ಸಿಕ್ಕಿದೆ. ಆದರೂ ಇವತ್ತಿಗೂ ನಾವು ಶೇರ್ ಮಾಡೋದು ಕರಡಿಯನ್ನೇ.