ಮುಖವಾಡ ಯಾರದು? ‘ಸಬ್ರಿನಾ’ ಚಿತ್ರದಲ್ಲಿ ಸಿಂಡರೆಲಾ ಕಥಾವರ್ಗ

ಜಾನಪದ ಆಶಯಗಳು ಆಧುನಿಕ ಮಾಧ್ಯಮಗಳಲ್ಲಿ ಮರುಹುಟ್ಟು ಪಡೆಯುವ ಬಗೆಯನ್ನು ಚರ್ಚಿಸುವಾಗ, ಬಿಲ್ಲಿ ವೈಲ್ಡರ್ ನಿರ್ದೇಶನದ ‘ಸಬ್ರಿನಾ’ (1954) ಚಿತ್ರವನ್ನು ಸಿಂಡರೆಲಾ ಕಥೆಯ ಹಾಲಿವುಡ್ ರೂಪವೆಂದು ಕರೆಯುವುದು ವಾಡಿಕೆ. ಸ್ಯಾಮ್ಯುಯೆಲ್ ಟೇಲರ್‌ನ ‘ಸಬ್ರಿನಾ ಫೇರ್’ ನಾಟಕವು 1953ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದು ಮರುವರ್ಷವೇ ಚಿತ್ರವಾಯಿತು. ಅಜ್ಜಿಕಥೆಯ ‘ಒಂದಾನೊಂದು ಕಾಲದಲ್ಲಿ’ ಎಂಬ ಧಾಟಿಯಲ್ಲಿಯೇ ನಿರೂಪಣೆ ತೊಡಗುವುದರಿಂದ ಈ ಹೆಸರಿಗೆ ಚಿತ್ರವೂ ಆಸ್ಪದವೀಯುತ್ತದೆ. ಆದರೆ ಆರ್ನೆ–ಥಾಮ್ಸನ್ ಸೂಚಿಯ 510ನೆಯ ವರ್ಗಸಂಖ್ಯೆಯನ್ನು ಅಂಟಿಸಿದೊಡನೆ ವಿಶ್ಲೇಷಣೆ ಮುಗಿಯಿತೆಂದು ತಿಳಿಯುವುದು ನಮ್ಮ ಅಧ್ಯಯನ ಕ್ಷೇತ್ರದ ಹಳೆಯ ದೌರ್ಬಲ್ಯ. ವರ್ಗಸಂಖ್ಯೆಯು ಹೋಲಿಕೆಯನ್ನು ತೋರಿಸೀತು. ಕಥೆ ಎಲ್ಲಿ ತಿರುವುಮುರುವಾಗಿದೆ ಎಂಬುದನ್ನು ತೋರಿಸಲಾರದು.

ಲಾಂಗ್ ಐಲೆಂಡಿನ ಲ್ಯಾರಬೀ ಕುಟುಂಬದ ಕಾರುಚಾಲಕನ ಮಗಳು ಸಬ್ರಿನಾ (ಆಡ್ರಿ ಹೆಪ್‌ಬರ್ನ್) ಆ ಮನೆಯ ಕಿರಿಯ ಮಗ ಡೇವಿಡ್‌ನಲ್ಲಿ ಅನುರಕ್ತಳು. ನಿರಾಶೆಯಿಂದ ಗ್ಯಾರೇಜಿನ ಬಾಗಿಲು ಮುಚ್ಚಿ, ಕಾರುಗಳ ಎಂಜಿನ್ ಚಾಲೂ ಮಾಡಿ ಸಾಯಲೆಳಸಿದವಳನ್ನು ಹಿರಿಯ ಮಗ ಲೈನಸ್ (ಹಂಫ್ರಿ ಬೋಗಾರ್ಟ್) ಉಳಿಸುತ್ತಾನೆ. ಪ್ಯಾರಿಸಿನಲ್ಲಿ ಅಡುಗೆ ಕಲಿತು ಮರಳಿದ ಅವಳನ್ನು ಡೇವಿಡ್ ಗುರುತಿಸಲಾರ, ಆದರೂ ಮರುಳಾಗುತ್ತಾನೆ. ಅವನಿಗೋ ಕಬ್ಬಿನ ಉದ್ಯಮಿಯ ಮಗಳೊಡನೆ ಮದುವೆ ನಿಶ್ಚಯವಾಗಿದೆ. ಕಬ್ಬಿನಿಂದ ಪ್ಲಾಸ್ಟಿಕ್ ತಯಾರಿಸುವ ವ್ಯವಹಾರ ಆ ಸಂಬಂಧವನ್ನು ನಂಬಿಕೊಂಡಿದೆ. ಅದನ್ನು ಕಾಪಾಡಲು ಲೈನಸ್ ತಾನೇ ಸಬ್ರಿನಾಳನ್ನು ಪ್ರೀತಿಸುವ ನಟನೆಗಿಳಿಯುತ್ತಾನೆ.

ಇಲ್ಲಿ ನಮ್ಮ ‘ಹಂಚಿ’ ಕಥೆಯನ್ನು ನೆನೆಯುವುದು ಉಪಯುಕ್ತ. ಎ. ಕೆ. ರಾಮಾನುಜನ್ ಅವರು ಇದನ್ನು ಕನ್ನಡದ ಸಿಂಡರೆಲಾ ಎಂದೇ ಕರೆದು ವಿವೇಚಿಸಿದ್ದು, ಆ ಬರಹ ಅಲನ್ ಡಂಡಿಸ್ ಸಂಪಾದಿಸಿದ ಸಿಂಡರೆಲಾ ಅಧ್ಯಯನ ಸಂಪುಟದಲ್ಲಿ (1982) ಸೇರಿದೆ. ಒಡಹುಟ್ಟಿದವನ ಅನುಚಿತ ಮೋಹದಿಂದ ಪಾರಾಗಲು ಹುಡುಗಿ ಮಣ್ಣಿನ ಮುಖವಾಡ ತೊಡುತ್ತಾಳೆ; ಅವಳ ಹೆಸರೂ ಅದರಿಂದಲೇ ಬಂದದ್ದು. ಮುಖವಾಡ ಕಳಚಿದ ಗಳಿಗೆಯಲ್ಲಿ ಸಾಹುಕಾರನ ಮಗ ಅವಳನ್ನು ಕಾಣುತ್ತಾನೆ. ಬೂದಿ, ಮಣ್ಣು, ಚಿಂದಿ – ಯಾವುದೇ ಆಗಲಿ, ಈ ವರ್ಗದ ಕಥೆಗಳಲ್ಲಿ ಮರೆಯಾಗಿರುವವಳು ನಾಯಕಿ, ಗುರುತಿಸಬೇಕಾದವನು ನಾಯಕ.

‘ಸಬ್ರಿನಾ’ದಲ್ಲಿ ಈ ವಿನ್ಯಾಸ ಮೇಲುನೋಟಕ್ಕೆ ಮಾತ್ರ ಉಳಿದಿದೆ. ಪ್ಯಾರಿಸಿನ ಉಡುಪನ್ನು ನಾಯಕಿಯ ಮುಖವಾಡವೆನ್ನುವವರುಂಟು. ಆದರೆ ಅವಳು ತನ್ನ ಹೆಸರು ಹೇಳದೆ ಡೇವಿಡ್‌ನನ್ನು ಕೆಲಹೊತ್ತು ಆಟವಾಡಿಸುತ್ತಾಳೆ, ಅಷ್ಟೆ. (ಆ ಉಡುಪುಗಳಲ್ಲಿ ಹೆಸರಾದವು ಝೀವಾನ್ಶಿಯವು; ವಸ್ತ್ರವಿನ್ಯಾಸದ ಆಸ್ಕರ್ ಸಂದದ್ದು ಈಡಿತ್ ಹೆಡ್‌ಗೆ. ವೇಷವನ್ನೇ ನೆಚ್ಚಿದ ಚಿತ್ರವು ತನ್ನ ವೇಷಕಾರನನ್ನು ಮರೆಸಿತು.) ನಿಜವಾದ ಮುಖವಾಡ ಲೈನಸ್‌ನದು. ಹಳೆಯ ಕಾಲೇಜು ದಿನಗಳ ಉಡುಪು ತೊಟ್ಟು, ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹೊತ್ತು, ಅವನು ಒಂಟಿ ಪ್ರೇಮಿಯ ಪಾತ್ರ ಕಟ್ಟುತ್ತಾನೆ. ಹಂಚಿಯ ಮುಖವಾಡ ಅವಳ ಮುಖವನ್ನು ಬದಲಿಸುವುದಿಲ್ಲ; ಇಲ್ಲಿ ಮುಖವಾಡವೇ ಮುಖವಾಗುತ್ತ ಹೋಗುತ್ತದೆ. ಅವನ ಕಚೇರಿಯಲ್ಲಿದ್ದುದನ್ನೇ ಹುಡುಕಿ ಅವಳು ಅಡುಗೆಗೆ ಅಣಿಯಾಗುವ ರಾತ್ರಿಯೇ ಅವನು ತನ್ನ ಮೋಸವನ್ನು ಒಪ್ಪಿಕೊಳ್ಳುತ್ತಾನೆ.

ಗುರುತಿನ ವಸ್ತುವೂ ಕೈಬದಲಾಗಿದೆ. ಪ್ಯಾರಿಸಿನಲ್ಲಿ ಕೊಡೆ ಹಿಡಿಯಬಾರದೆಂದು ಹೇಳಿ ಸಬ್ರಿನಾ ಅವನ ಹ್ಯಾಟಿನ ಅಂಚನ್ನು ಕೆಳಕ್ಕೆ ಮಡಿಸುತ್ತಾಳೆ. ಕೊನೆಗೆ ಹಡಗಿನಲ್ಲಿ ಅದೇ ಹ್ಯಾಟು ಮರುಮಿಲನದ ಕುರುಹಾಗುತ್ತದೆ. ಪಾದರಕ್ಷೆ ಹೆಣ್ಣನ್ನು ಪರೀಕ್ಷಿಸಿದರೆ, ಹ್ಯಾಟು ಗಂಡನ್ನು ಪರೀಕ್ಷಿಸುತ್ತದೆ.

ಹಾಗೆಂದು ಚಿತ್ರವು ಅಂತಸ್ತಿನ ಪ್ರಶ್ನೆಯನ್ನು ಗೆದ್ದಿದೆಯೆನ್ನಲಾಗದು. ಸಬ್ರಿನಾಳ ಪತ್ರವನ್ನು ತಂದೆ ಓದುತ್ತಿರಲು ಸುತ್ತ ನೆರೆದು ಕೇಳುವ ಕೆಲಸದವರು ಈ ಕಥೆಯ ನಿಜವಾದ ಶ್ರೋತೃಸಮುದಾಯ. ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯಂತ ಜೀವಂತ ಭಾಗವೂ ಅದೇ. ಕಾರಿನ ಮುಂದಿನ ಆಸನಕ್ಕೂ ಹಿಂದಿನ ಆಸನಕ್ಕೂ ನಡುವೆ ಗಾಜು ಇರುವಂತೆಯೇ ಬದುಕೂ ಎಂಬುದು ಆ ತಂದೆಯ ನಂಬಿಕೆ. ಪ್ರೇಮಿಗಳು ಒಂದಾಗುವುದು ಬಂಗಲೆಯಲ್ಲೂ ಅಲ್ಲ, ಗ್ಯಾರೇಜಿನ ಮೇಲಣ ಮನೆಯಲ್ಲೂ ಅಲ್ಲ, ಎರಡನ್ನೂ ಬಿಟ್ಟು ಹೊರಟ ಹಡಗಿನಲ್ಲಿ. ಸಿಡ್ನಿ ಪೊಲಾಕ್‌ನ 1995ರ ಮರುಚಿತ್ರದಲ್ಲಿ, ಯಜಮಾನರ ಮಾತುಗಳನ್ನು ಕಾರಿನಲ್ಲಿ ಕೇಳಿಸಿಕೊಂಡು ಷೇರು ಕೊಂಡ ಚಾಲಕ ತಾನೂ ಸಿರಿವಂತನಾಗಿರುತ್ತಾನೆ. ವೈಲ್ಡರ್‌ನ ಚಿತ್ರದಲ್ಲಿ ಅಂಥ ನಿಧಿಯೇನೂ ಒದಗುವುದಿಲ್ಲ. ಮಗಳು ಕಡಲು ದಾಟುವಾಗಲೂ ತಂದೆ ಮುಂದಿನ ಆಸನದಲ್ಲಿಯೇ ಉಳಿಯುತ್ತಾನೆ.